ಗಾಳಿಪಟದ ಸವಾರಿ

ಆಷಾಢ ಮಾಸವು ಕಾಲಿಟ್ಟಿತೆಂದರೆ ಚಿತ್ರದುರ್ಗದ ಸೀಮೆಯಲ್ಲಿ ಗಾಳಿಯದೇ ದರ್ಬಾರು. ಅರಬ್ಬೀ ಸಮುದ್ರದಿಂದ ಹೊರಟ ನೈಋತ್ಯ ಮಾರುತವು ತನ್ನ ನೀರಿನ ಹೊರೆಯನ್ನು ಬಹುಮಟ್ಟಿಗೆ ಸಹ್ಯಾದ್ರಿಯ ಪಡುವಣ ಇಳಿಜಾರಿನಲ್ಲಿಯೇ ಇಳಿಸಿ, ಘಟ್ಟವನ್ನು ದಾಟಿ, ಬಯಲುಸೀಮೆಯ ಮೇಲೆ ಬರಿಗೈಯಲ್ಲಿ ಓಡಿಬರುತ್ತದೆ. ಮಳೆಯ ವಿಷಯದಲ್ಲಿ ಜಿಪುಣತನ ತೋರುವ ಈ ಮಾರುತವು ಬೀಸುವುದರಲ್ಲಿ ಮಾತ್ರ ಧಾರಾಳಿ. ಹೊಳಲ್ಕೆರೆಯ ಅಡಿಕೆ ತೋಟಗಳು ತಲೆದೂಗುತ್ತವೆ. ಹೊಸದುರ್ಗದ ಹೊಲದ ದಾರಿಗಳಲ್ಲಿ ಧೂಳೇಳುತ್ತದೆ. ಹಿರಿಯೂರಿನ ತೆಂಗಿನ ಗರಿಗಳು ಒಂದೇ ಕಡೆಗೆ ಬಾಚಿದ ಕೂದಲಿನಂತೆ ಹೊರಳಿ ನಿಲ್ಲುತ್ತವೆ. ಜೋಗಿಮಟ್ಟಿಯ ಬೆಟ್ಟಸಾಲಿನ ಮೇಲೆ ಎತ್ತರದ ಗಾಳಿಯಂತ್ರಗಳು ಹಗಲಿರುಳೂ ತೋಳು ಬೀಸುತ್ತಿರುತ್ತವೆ. ಅದೇ ಹೊತ್ತಿಗೆ ಊರೂರ ಬಯಲುಗಳಲ್ಲಿ, ಮಾಳಿಗೆಗಳ ಮೇಲೆ, ಕೆರೆಯ ಏರಿಗಳ ಮೇಲೆ ಗಾಳಿಪಟಗಳು ಏಳುತ್ತವೆ.

ಗಾಳಿಪಟವನ್ನು ಹಾರಿಸಿದ ಯಾರಿಗೂ ಬೆರಳಿನ ಮೇಲೆ ದಾರವು ಎಳೆಯುವ ಆ ಸೆಳೆತದ ಅನುಭವ ಇದ್ದೇ ಇರುತ್ತದೆ. ಎರಡು ಬಿದಿರುಕಡ್ಡಿ, ಒಂದು ಹಾಳೆ ಬಣ್ಣದ ಕಾಗದ, ಹಳೆಯ ಬಟ್ಟೆಯ ಬಾಲಂಗೋಚಿ, ಇಷ್ಟರಿಂದಾದ ಆ ವಸ್ತುವಿಗೆ ತೂಕವೆಂಬುದೇ ಇಲ್ಲ. ಆದರೂ ಅದು ಮೇಲೇರಿ ನಿಂತಾಗ ಯಾರೋ ಆಕಾಶದಲ್ಲಿ ಕುಳಿತು ದಾರವನ್ನು ಜಗ್ಗುತ್ತಿರುವಂತೆ ಭಾಸವಾಗುತ್ತದೆ. ಸೂತ್ರವನ್ನು ಸರಿಯಾದ ಓರೆಯಲ್ಲಿ ಕಟ್ಟಿದ್ದರೆ, ಎದುರಾಗಿ ಬಂದ ಗಾಳಿಯು ಪಟದ ಮುಖಕ್ಕೆ ತಗುಲಿ ಕೆಳಮುಖವಾಗಿ ತಿರುಗುತ್ತದೆ. ಗಾಳಿಯನ್ನು ಕೆಳಕ್ಕೆ ತಳ್ಳಿದ ಪಟವು ತಾನು ಮೇಲಕ್ಕೆ ತಳ್ಳಲ್ಪಡುತ್ತದೆ. ದಾರವು ಹರಿದರೆ ಪಟವು ಇನ್ನೂ ಎತ್ತರಕ್ಕೆ ಹಾರಬೇಕಲ್ಲವೇ ಎಂದು ಎಳೆಯರು ಕೇಳುವುದುಂಟು. ಹಾಗಾಗುವುದಿಲ್ಲ. ಕಟ್ಟಿಹಾಕಿದ್ದರಿಂದಲೇ ಅದು ಗಾಳಿಗೆ ಎದುರು ನಿಂತಿತ್ತು. ಕಟ್ಟು ಕಳಚಿದೊಡನೆ ಅದು ಗಾಳಿಯ ಜೊತೆಯಲ್ಲಿಯೇ ಹೊರಟು, ಹೊರಳಿ ಹೊರಳಿ ನೆಲಕ್ಕೆ ಬೀಳುತ್ತದೆ.

ಬೆರಳನ್ನು ಎಳೆಯುವ ಈ ಶಕ್ತಿಯು ದೊಡ್ಡದಾದರೆ ಮನುಷ್ಯನನ್ನೇ ಎಳೆಯಲಾರದೇಕೆ? ಈ ಪ್ರಶ್ನೆಯು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾ ಉಪಾಧ್ಯಾಯನಾಗಿದ್ದ ಜಾರ್ಜ್ ಪೋಕಾಕ್ ಎಂಬಾತನ ತಲೆಯನ್ನು ಹೊಕ್ಕಿತು. ಅವನು ದೊಡ್ಡ ಗಾಳಿಪಟಗಳನ್ನು ಕಟ್ಟಿ, ಕುದುರೆಗಳಿಲ್ಲದೆ ಓಡುವ ಬಂಡಿಯೊಂದನ್ನು ರಚಿಸಿ, 1826ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಅಂದಿನ ರಸ್ತೆಯ ಸುಂಕವನ್ನು ಕುದುರೆಗಳ ಲೆಕ್ಕದಲ್ಲಿ ವಸೂಲು ಮಾಡುತ್ತಿದ್ದುದರಿಂದ ಈ ಬಂಡಿಗೆ ಸುಂಕವೇ ಇರಲಿಲ್ಲವೆಂಬ ಸ್ವಾರಸ್ಯದ ಮಾತೂ ಉಂಟು. ಪೋಕಾಕನು ತನ್ನ ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕೂರಿಸಿ ಗಾಳಿಪಟದ ಬಲದಿಂದ ಮೇಲಕ್ಕೆ ಏರಿಸಿದ್ದನು. ಆಕೆ ಸುರಕ್ಷಿತವಾಗಿ ಇಳಿದಳು. ಮುಂದೆ ಕ್ರಿಕೆಟ್ ಆಟದ ಮಹಾಪುರುಷನೆನಿಸಿದ ಡಬ್ಲ್ಯು. ಜಿ. ಗ್ರೇಸ್‌ನ ತಾಯಿ ಈಕೆಯೇ. ತಂದೆಯ ಸಾಹಸವನ್ನು ಮೆಚ್ಚಬಹುದು. ಮಗಳನ್ನು ಪರೀಕ್ಷೆಯ ಸಾಮಗ್ರಿಯನ್ನಾಗಿ ಮಾಡಿದ್ದನ್ನು ಮೆಚ್ಚುವುದು ಕಷ್ಟ. 1903ರಲ್ಲಿ ಸ್ಯಾಮ್ಯುಯೆಲ್ ಕೋಡಿ ಎಂಬ ಸಾಹಸಿಯು ಗಾಳಿಪಟವು ಎಳೆಯುವ ದೋಣಿಯಲ್ಲಿ ಕುಳಿತು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು.

ನೀರಿನಲ್ಲಿ ಬಿದ್ದ ಪಟವು ಮುಳುಗಿಹೋಗುತ್ತಿದ್ದುದು ಈ ಪ್ರಯತ್ನಗಳಿಗೆಲ್ಲ ದೊಡ್ಡ ಅಡಚಣೆಯಾಗಿತ್ತು. ಫ್ರಾನ್ಸಿನ ಕಡಲತೀರದ ಬ್ರಿಟನಿ ಪ್ರಾಂತದ ಲೆಗೆನ್ಯೂ ಸಹೋದರರು ಇದಕ್ಕೆ ಪರಿಹಾರವನ್ನು ಕಂಡುಕೊಂಡರು. ಪಟದ ಅಂಚಿಗೂ ಪಕ್ಕೆಗಳಿಗೂ ಬಿದಿರಿನ ಬದಲು ಗಾಳಿ ತುಂಬಿದ ಕೊಳವೆಗಳನ್ನು ಅಳವಡಿಸಿ 1984ರಲ್ಲಿ ಅವರು ಹಕ್ಕುಪತ್ರವನ್ನು ಕೋರಿದರು. ನೀರಿನ ಮೇಲೆ ತೇಲುವ, ಬಿದ್ದ ಮೇಲೂ ಮತ್ತೆ ಏಳಬಲ್ಲ ಪಟವು ಹೀಗೆ ಹುಟ್ಟಿತು. ಕಾಲಿನ ಕೆಳಗೊಂದು ಹಲಗೆ, ತಲೆಯ ಮೇಲೊಂದು ಪಟ ಇವುಗಳ ನೆರವಿನಿಂದ ನೀರಿನ ಮೇಲೆ ಜಾರುತ್ತ ಓಡುವ ಈ ಕ್ರೀಡೆಗೆ ಕೈಟ್‌ಸರ್ಫಿಂಗ್ ಎಂದು ಹೆಸರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದು ಮೊದಲ ಬಾರಿಗೆ ಸೇರ್ಪಡೆಯಾಯಿತು. ಸ್ಪರ್ಧೆಗಳು ಮಾರ್ಸೇ ನಗರದ ಕಡಲಿನಲ್ಲಿ ನಡೆದವು. ಭಾರತದಲ್ಲಿ ಇದನ್ನು ಕಲಿಸುವ ಮುಖ್ಯ ನೆಲೆ ತಮಿಳುನಾಡಿನ ರಾಮೇಶ್ವರ. ಅಲ್ಲಿ ಆಳವಿಲ್ಲದ ನೀರೂ ಇದೆ, ವರ್ಷದ ಬಹುಭಾಗ ಒಂದೇ ಸಮನಾಗಿ ಬೀಸುವ ಗಾಳಿಯೂ ಇದೆ.

ಈ ಪಟದ ಅಳತೆಯನ್ನು ಕೇಳಿದರೆ ಅದರ ಅಪಾಯವೂ ಅರ್ಥವಾಗುತ್ತದೆ. ಮಧ್ಯಮ ಗಾಳಿಯಲ್ಲಿ ಒಬ್ಬ ವಯಸ್ಕನು ಬಳಸುವ ಪಟವು ಸುಮಾರು 10 ಚದರ ಮೀಟರ್ ವಿಸ್ತಾರದ್ದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ನೆಲವನ್ನು ಎತ್ತಿ ಆಕಾಶದಲ್ಲಿ ನಿಲ್ಲಿಸಿದಂತೆ. ಅದಕ್ಕೆ ಸಾಮಾನ್ಯವಾಗಿ ನಾಲ್ಕು ದಾರಗಳು, ಒಂದೊಂದೂ 20ರಿಂದ 25 ಮೀಟರ್ ಉದ್ದ. ದಾರಗಳ ತುದಿ ಸೇರುವುದು ಒಂದು ಹಿಡಿಕೋಲಿಗೆ. ಹಿಡಿಕೋಲು ಸಿಕ್ಕಿಕೊಳ್ಳುವುದು ಸವಾರನ ಸೊಂಟದ ಪಟ್ಟಿಗೆ. ಎಂದರೆ ಎಳೆತದ ಭಾರವು ತೋಳುಗಳ ಮೇಲಲ್ಲ, ಇಡೀ ದೇಹದ ಮೇಲೆ ಬೀಳುತ್ತದೆ. ಬೆರಳಿಗೆ ಸುತ್ತಿಕೊಂಡ ದಾರವನ್ನು ಬಿಚ್ಚಿ ಎಸೆದಷ್ಟು ಸುಲಭವಾಗಿ ಈ ಪಟದಿಂದ ಕಳಚಿಕೊಳ್ಳಲಾಗದು. ಕಳಚಿಕೊಳ್ಳುವುದನ್ನು ಪ್ರತ್ಯೇಕವಾಗಿ ಕಲಿಯಬೇಕು.

ಗಾಳಿಯ ವೇಗಕ್ಕೂ ಎಳೆತಕ್ಕೂ ಇರುವ ಸಂಬಂಧವನ್ನು ಇಲ್ಲಿ ತಿಳಿಯುವುದು ಅವಶ್ಯ. ಗಾಳಿಯ ವೇಗವು ಇಮ್ಮಡಿಯಾದರೆ ಎಳೆತವೂ ಇಮ್ಮಡಿಯಾಗುವುದೆಂದು ಯಾರಾದರೂ ಭಾವಿಸಿದರೆ ಆಶ್ಚರ್ಯವಿಲ್ಲ. ನಿಜಸ್ಥಿತಿ ಬೇರೆ. ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದ ಗಾಳಿಯು 30ಕ್ಕೆ ಏರಿದರೆ ಎಳೆತವು ನಾಲ್ಕು ಪಟ್ಟು. 45ಕ್ಕೆ ಏರಿದರೆ ಒಂಬತ್ತು ಪಟ್ಟು. ಸುಖವಾಗಿ ಸಾಗುತ್ತಿದ್ದ ಸವಾರನು ಒಂದು ಬೀಸಿನ ಅಬ್ಬರಕ್ಕೆ ಸಿಕ್ಕು ಗಾಳಿಯಲ್ಲಿ ಎತ್ತಿ ಒಗೆಯಲ್ಪಡುವುದು ಈ ಗಣಿತದಿಂದಲೇ. ಗಾಳಿಯು ಒಂದೇ ಸಮನಾಗಿ ಜೋರಾಗಿದ್ದರೆ ಚಿಕ್ಕ ಪಟವನ್ನು ಆರಿಸಿಕೊಂಡು ನಿಭಾಯಿಸಬಹುದು. ತಗ್ಗುತ್ತ ಏರುತ್ತ ಬೀಸುವ ಗಾಳಿಗೆ ಯಾವ ಅಳತೆಯ ಪಟವೂ ಸರಿಹೊಂದದು.

ಕಣದಲ್ಲಿ ರಾಗಿಯನ್ನೋ ಜೋಳವನ್ನೋ ತೂರುವ ರೈತನಿಗೆ ಇದು ಪುಸ್ತಕವಿಲ್ಲದೆ ತಿಳಿದ ಸಂಗತಿ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಗಾಳಿ ಮಿತಿಮೀರಿದಾಗ ಅದೇ ರೈತನು ಮೊರವನ್ನು ಕೆಳಗಿಟ್ಟು ಕುಳಿತುಬಿಡುತ್ತಾನೆಂಬುದನ್ನು ಗಾದೆಯು ಹೇಳುವುದಿಲ್ಲ. ಹೊಟ್ಟಿನೊಡನೆ ಕಾಳೂ ಹಾರಿಹೋದರೆ ತೂರಿದ್ದರಿಂದ ಫಲವೇನು? ಜೋಗಿಮಟ್ಟಿಯ ಮೇಲಿನ ಗಾಳಿಯಂತ್ರವೂ ಈ ವಿವೇಕವನ್ನು ಅರಿತಿದೆ. ಬೀಸು ಹೆಚ್ಚಿದಷ್ಟೂ ಹೆಚ್ಚು ವಿದ್ಯುತ್ತು ಸಿಗುವುದೆಂದು ಅದು ಕೊನೆಯವರೆಗೂ ತಿರುಗುತ್ತಿರುವುದಿಲ್ಲ. ಗಾಳಿಯ ವೇಗವು ಗಂಟೆಗೆ ಸುಮಾರು 90 ಕಿಲೋಮೀಟರನ್ನು ಮುಟ್ಟಿದರೆ ಸಾಮಾನ್ಯವಾಗಿ ಇಂಥ ಯಂತ್ರಗಳು ತಮ್ಮ ರೆಕ್ಕೆಗಳನ್ನು ಗಾಳಿಗೆ ಅಂಚಾಗಿ ಹೊರಳಿಸಿಕೊಂಡು, ಹಿಡಿದಿದ್ದ ಗಾಳಿಯನ್ನು ಬಿಟ್ಟುಕೊಟ್ಟು, ನಿಂತುಬಿಡುತ್ತವೆ. ಅಷ್ಟು ಭಾರಿ ಉಕ್ಕಿನ ಕಂಬಕ್ಕೇ ಬಿಟ್ಟುಕೊಡುವುದು ಅಗತ್ಯವಾದರೆ ಎಲುಬು ಮಾಂಸಗಳ ದೇಹಕ್ಕೆ ಹೇಳುವುದೇನು!

ಕೈಟ್‌ಸರ್ಫಿಂಗ್ ಕಲಿಸುವ ಒಳ್ಳೆಯ ಗುರುವು ಮೊದಲು ಕಲಿಸುವುದೂ ಇದನ್ನೇ. ಹಿಡಿಯುವುದಕ್ಕೆ ಮುಂಚೆ ಬಿಡುವುದನ್ನು ಕಲಿ ಎನ್ನುತ್ತಾನೆ. ಇದು ಮೂರು ಹಂತಗಳ ಪಾಠ. ಹಿಡಿಕೋಲನ್ನು ಕೈಬಿಡುವುದು ಮೊದಲ ಹಂತ. ಹಿಡಿಕೋಲು ದೂರ ಸರಿದೊಡನೆ ಪಟವು ಗಾಳಿಗೆ ತನ್ನ ಓರೆಯನ್ನು ಬದಲಿಸಿಕೊಂಡು, ಎಳೆತವು ಬಹುಮಟ್ಟಿಗೆ ಇಳಿಯುತ್ತದೆ. ಅಷ್ಟಕ್ಕೂ ಪಟವು ಶಾಂತವಾಗದಿದ್ದರೆ ಸೊಂಟದ ಪಟ್ಟಿಗೆ ಸಿಕ್ಕಿಸಿರುವ ಬಿಡುಗಡೆಯ ಕೀಲನ್ನು ಕಳಚಬೇಕು. ಆಗ ಪಟವು ಒಂದೇ ದಾರದಲ್ಲಿ ಬಾವುಟದಂತೆ ಜೋತು ಬಲಗುಂದುತ್ತದೆ. ಅದೂ ಸಾಲದೆ ಹೋದರೆ ಆ ಕೊನೆಯ ದಾರವನ್ನೂ ಕಳಚಿ ಪಟವನ್ನು ಗಾಳಿಗೆ ಬಿಟ್ಟುಬಿಡಬೇಕು. ಬೆಲೆಬಾಳುವ ಪಟವು ಹೋಯಿತೆಂಬ ವ್ಯಥೆ ಆ ಗಳಿಗೆಯಲ್ಲಿ ಮನಸ್ಸಿಗೆ ಬರಕೂಡದು.

ಕೇಳುವುದಕ್ಕೆ ಇದು ಎಷ್ಟು ಸುಲಭವೋ ಮಾಡುವುದಕ್ಕೆ ಅಷ್ಟೇ ಕಠಿಣ. ಹೆದರಿದ ಕೈಯು ಬಿಗಿಯುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಬೀಳುತ್ತಿರುವವನು ಹತ್ತಿರದ ಕೊಂಬೆಯನ್ನು ಹಿಡಿಯುವಂತೆ, ಎಳೆತಕ್ಕೆ ಸಿಕ್ಕ ಹೊಸಬನು ಹಿಡಿಕೋಲನ್ನು ಎದೆಗೆ ಅವಚಿಕೊಳ್ಳುತ್ತಾನೆ. ಆದರೆ ಹಿಡಿಕೋಲನ್ನು ತನ್ನ ಕಡೆಗೆ ಎಳೆದುಕೊಂಡಷ್ಟೂ ಪಟವು ಇನ್ನಷ್ಟು ಗಾಳಿಯನ್ನು ಹಿಡಿಯುತ್ತದೆ, ಎಳೆತವು ಇನ್ನಷ್ಟು ಏರುತ್ತದೆ, ಹೆದರಿಕೆಯೂ ಏರುತ್ತದೆ, ಕೈಯು ಇನ್ನಷ್ಟು ಬಿಗಿಯುತ್ತದೆ. ಅಪಘಾತಗಳು ಬೆಳೆಯುವುದು ಈ ಸುಳಿಯಲ್ಲಿಯೇ. ಆದ್ದರಿಂದಲೇ ಬಿಡುಗಡೆಯ ಕೀಲನ್ನು ಕಳಚುವುದನ್ನು ಪಟವೇ ಇಲ್ಲದಾಗ, ನೆಲದ ಮೇಲೆ ನಿಂತು, ಕಣ್ಣುಮುಚ್ಚಿಕೊಂಡು, ಹತ್ತಾರು ಬಾರಿ ಅಭ್ಯಾಸ ಮಾಡಿಸುತ್ತಾರೆ. ಬುದ್ಧಿಯು ಮರೆತ ಹೊತ್ತಿನಲ್ಲಿ ಕೈಯು ತಾನಾಗಿ ನೆನಪಿಟ್ಟುಕೊಂಡಿರಬೇಕು.

ಮುಂದಿನ ಕಲಿಕೆಯೂ ನಿಧಾನವಾದದ್ದೇ. ಕುಸ್ತಿಯ ಗರಡಿಯಲ್ಲಿ ಮಟ್ಟಿಯನ್ನು ಅಗೆದು ಮೃದುಗೊಳಿಸದೆ ಯಾರನ್ನೂ ಅಖಾಡಕ್ಕೆ ಇಳಿಸುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು ಯೋಗವನ್ನೂ ವ್ಯಾಯಾಮವನ್ನೂ ಕಲಿಸಿದ ಆಶ್ರಮವನ್ನು ಬಲ್ಲ ಈ ಸೀಮೆಯ ಜನಕ್ಕೆ, ದೇಹದ ವಿದ್ಯೆಯು ಗುರುಮುಖದಿಂದ ಹಂತಹಂತವಾಗಿ ಬರತಕ್ಕದ್ದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯೂ ಮೊದಲ ಪಾಠವು ಎರಡು ಮೂರು ಚದರ ಮೀಟರಿನ ಪುಟ್ಟ ಪಟದೊಡನೆ, ನೆಲದ ಮೇಲೆ ನಡೆಯುತ್ತದೆ. ಗಾಳಿಗೆ ಬೆನ್ನು ಮಾಡಿ ನಿಂತವನ ಮುಂದೆ ಆಕಾಶವು ಒಂದು ಅರ್ಧ ಗುಮ್ಮಟದಂತೆ ಹರಡಿಕೊಂಡಿರುತ್ತದೆ. ಆ ಗುಮ್ಮಟದ ಅಂಚಿನಲ್ಲಿ, ಎಂದರೆ ನೆತ್ತಿಯ ಮೇಲೆ ಅಥವಾ ತೀರ ಎಡಬಲಗಳಲ್ಲಿ, ಪಟವು ನಿಂತರೆ ಎಳೆತವು ಅಲ್ಪ. ನಟ್ಟನಡುವೆ, ನೇರವಾಗಿ ಎದುರಿಗೆ, ಪಟವು ಬಂದರೆ ಎಳೆತವು ಅತಿ ಹೆಚ್ಚು. ಹೊಸಬನು ಅಂಚಿನಲ್ಲಿಯೇ ಪಟವನ್ನು ಆಡಿಸಲು ಕಲಿಯಬೇಕು. ಅನಂತರ ಹಲಗೆಯಿಲ್ಲದೆ ನೀರಿಗೆ ಇಳಿದು, ಪಟವು ತನ್ನ ದೇಹವನ್ನು ಎಳೆದುಕೊಂಡು ಹೋಗುವ ಪರಿಯನ್ನು ಅರಿಯಬೇಕು. ಪಟವು ನೀರಿನಲ್ಲಿ ಬಿದ್ದು ಮತ್ತೆ ಏಳದಿದ್ದರೆ, ದಾರಗಳನ್ನು ಹಿಡಿಕೋಲಿಗೆ ಸುತ್ತುತ್ತ ಪಟದ ಬಳಿ ಸಾರಿ, ಗಾಳಿ ತುಂಬಿದ ಅದರ ಮೈಯನ್ನೇ ತೆಪ್ಪದಂತೆ ಹಿಡಿದು ದಡವನ್ನು ಸೇರುವ ಉಪಾಯವನ್ನೂ ಕಲಿಯಬೇಕು. ಇಷ್ಟಾದ ಮೇಲೆ ಹಲಗೆಯ ಸರದಿ. ಈಜು ಬಾರದವನಿಗಂತೂ ಇದಾವುದರ ಮಾತೂ ಇಲ್ಲ.

ನೀರಿನ ಆಟಕ್ಕೆ ನೀರೇ ದೊಡ್ಡ ಅಪಾಯವೆಂದು ಎಲ್ಲರೂ ಎಣಿಸುತ್ತಾರೆ. ಈ ಕ್ರೀಡೆಯಲ್ಲಿ ದಡವೂ ಅಷ್ಟೇ ಅಪಾಯಕರ. ನೀರಿಗೆ ಬಿದ್ದವನಿಗೆ ಪೆಟ್ಟು ಕಡಿಮೆ. ಬಂಡೆ, ಗೋಡೆ, ಮರ, ಬೇಲಿ, ವಾಹನಗಳಿಗೆ ಹೋಗಿ ಅಪ್ಪಳಿಸಿದವನ ಗತಿ ಬೇರೆ. ಪಟವನ್ನು ಏರಿಸುವಾಗಲೂ ಇಳಿಸುವಾಗಲೂ ಅನೇಕ ಅವಘಡಗಳು ಸಂಭವಿಸುತ್ತವೆ. ಆದಕಾರಣ ಗಾಳಿಯು ಹೋಗುವ ದಿಕ್ಕಿನಲ್ಲಿ ದಾರದ ಉದ್ದದ ಎರಡು ಮೂರು ಪಟ್ಟಾದರೂ ಜಾಗವು ಬರಿದಾಗಿರಬೇಕು. ಪಟವನ್ನು ಎತ್ತಿಕೊಡಲು ಕೆಲಸ ಬಲ್ಲ ಜೊತೆಗಾರನಿರಬೇಕು. ತಲೆಗೆ ಶಿರಸ್ತ್ರಾಣ, ಮೈಗೆ ತೇಲುವ ಕವಚ, ಸಿಕ್ಕಾದ ದಾರವನ್ನು ಕತ್ತರಿಸಲು ಪುಟ್ಟ ಚೂರಿ ಇರಬೇಕು. ಬಿಗಿದ ದಾರವನ್ನು ಕೈಗೆ ಸುತ್ತಿಕೊಳ್ಳುವುದಂತೂ ಸರ್ವಥಾ ಸಲ್ಲದು. ಬಿಗಿದ ದಾರವು ಕತ್ತಿಯ ಅಲಗಿಗೆ ಸಮಾನ.

ಗಾಳಿಯ ದಿಕ್ಕನ್ನು ದಡದೊಡನೆ ಹೋಲಿಸಿ ನೋಡುವುದು ಇನ್ನೊಂದು ಎಚ್ಚರ. ದಡದಿಂದ ನೀರಿನ ಒಳಮುಖವಾಗಿ ಬೀಸುವ ಗಾಳಿಯು ಸವಾರನನ್ನು ಮರಳಿ ಬಾರದಷ್ಟು ದೂರಕ್ಕೆ ಒಯ್ಯಬಹುದು. ನೀರಿನಿಂದ ನೇರವಾಗಿ ದಡಕ್ಕೆ ಬೀಸುವ ಗಾಳಿಯು ಅವನನ್ನು ದಡದ ಬಂಡೆಗಳ ಮೇಲೆ ಎಸೆಯಬಹುದು. ದಡದ ಗುಂಟ ಅಡ್ಡಲಾಗಿಯೋ, ಸ್ವಲ್ಪ ದಡದ ಕಡೆಗೆ ಓರೆಯಾಗಿಯೋ ಬೀಸುವ ಗಾಳಿಯೇ ಕಲಿಯುವವನಿಗೆ ಹಿತ.

ಗಾಳಿಯ ವೇಗವನ್ನು ಅಳೆಯುವ ಉಪಕರಣ ಎಲ್ಲರ ಕೈಯಲ್ಲಿಯೂ ಇರುವುದಿಲ್ಲ; ಆದರೆ ಮರಗಳು ಎಲ್ಲೆಲ್ಲಿಯೂ ಇವೆ. ಬ್ರಿಟಿಷ್ ನೌಕಾದಳದ ಫ್ರಾನ್ಸಿಸ್ ಬೋಫರ್ಟ್ ಎಂಬ ಅಧಿಕಾರಿಯು 1805ರಲ್ಲಿ ಗಾಳಿಯನ್ನು ಅದರ ಪರಿಣಾಮಗಳಿಂದ ಗುರುತಿಸುವ ಕ್ರಮವೊಂದನ್ನು ರೂಪಿಸಿದನು. ಹಡಗಿನ ಪಟಗಳಿಗಾಗಿ ಹುಟ್ಟಿದ ಆ ಕ್ರಮವು ಮುಂದೆ ನೆಲಕ್ಕೂ ಅನ್ವಯವಾಯಿತು. ಎಲೆಗಳೂ ಚಿಕ್ಕ ರೆಂಬೆಗಳೂ ಎಡೆಬಿಡದೆ ಅಲುಗುತ್ತಿದ್ದರೆ ವೇಗವು ಗಂಟೆಗೆ 12ರಿಂದ 19 ಕಿಲೋಮೀಟರ್. ಧೂಳು, ಕಾಗದದ ಚೂರುಗಳು ಎದ್ದು ಸಣ್ಣ ಕೊಂಬೆಗಳು ಆಡತೊಡಗಿದರೆ 20ರಿಂದ 28. ಎಳೆಯ ಮರಗಳು ಬುಡಸಮೇತ ತೂಗಿದರೆ 29ರಿಂದ 38. ದೊಡ್ಡ ಕೊಂಬೆಗಳು ಅಲುಗಾಡಿ, ತಂತಿಗಳು ಸಿಳ್ಳು ಹಾಕಿ, ಕೊಡೆ ಹಿಡಿಯುವುದು ಕಷ್ಟವಾದರೆ 39ರಿಂದ 49. ಕಾಗದದ ಗಾಳಿಪಟಕ್ಕೆ ಮೊದಲನೆಯದು ಸಾಕು. ಮೂರನೆಯದರಲ್ಲಿ ಅದರ ಕಡ್ಡಿ ಮುರಿಯುತ್ತದೆ. ನಾಲ್ಕನೆಯದರಲ್ಲಿ ಮನೆಯೊಳಗೆ ಕುಳಿತು ಮುಂದಿನ ಪಟಕ್ಕೆ ಬಾಲಂಗೋಚಿಯನ್ನು ಹೊಲಿಯುವುದು ಲೇಸು. ತೋಟದ ಅಡಿಕೆಯ ಮರವು ಬಳ್ಳಿಯಂತೆ ಬಳುಕುವ ದಿನ ಕೊನೆ ಕೀಳುವವರು ಮರವನ್ನು ಹತ್ತುವುದಿಲ್ಲ. ಅವರು ಬೋಫರ್ಟನ ಹೆಸರನ್ನು ಕೇಳಿದವರಲ್ಲ.

ಗುಡುಗಿನ ಮೋಡವು ಕಂಡಾಗ ಮಾತ್ರ ಮರದ ಕಡೆಗೆ ನೋಡುತ್ತ ನಿಲ್ಲಬಾರದು. ಮೋಡವು ಇನ್ನೂ ದೂರದಲ್ಲಿರುವಾಗಲೇ ಅದರಿಂದ ಕೆಳಗಿಳಿದ ತಂಪುಗಾಳಿಯು ನೆಲದ ಗುಂಟ ಹರಡಿ ಒಮ್ಮೆಲೇ ನುಗ್ಗಿಬರುತ್ತದೆ. ಒಂದೆರಡು ನಿಮಿಷಗಳಲ್ಲಿ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತವೆ. ಇದರ ಮೇಲೆ ಸಿಡಿಲಿನ ಭಯ ಬೇರೆ. ಮಿಂಚು ವಿದ್ಯುತ್ತೇ ಎಂಬುದನ್ನು ಗಾಳಿಪಟದಿಂದ ಪರೀಕ್ಷಿಸಿದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಅದು 1752ರ ಸಂಗತಿ. ಮರುವರ್ಷವೇ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ವಿಜ್ಞಾನಿಯು ಕಬ್ಬಿಣದ ಸಲಾಕೆಯ ಮೂಲಕ ಮೋಡದ ವಿದ್ಯುತ್ತನ್ನು ಅಳೆಯಹೋಗಿ ಸಿಡಿಲಿಗೆ ಬಲಿಯಾದನು. ಫ್ರಾಂಕ್ಲಿನ್ ಬದುಕಿದ್ದರಿಂದ ಅವನ ಕತೆಯನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ರಿಚ್‌ಮನ್ನನ ಕತೆಯನ್ನೂ ಅದರ ಪಕ್ಕದಲ್ಲಿಯೇ ಅಚ್ಚುಮಾಡುವುದು ಒಳ್ಳೆಯದು.

ಇಷ್ಟನ್ನೆಲ್ಲ ಓದಿದ ಹಿರಿಯೂರಿನ ಹುಡುಗನೋ ಹುಡುಗಿಯೋ ಒಂದು ಪ್ರಶ್ನೆಯನ್ನು ಕೇಳದಿರಲಾರರು. ನಮ್ಮಲ್ಲಿ ಗಾಳಿಗೆ ಕೊರತೆಯಿಲ್ಲ; ವಾಣಿವಿಲಾಸ ಸಾಗರದಂಥ ವಿಶಾಲವಾದ ನೀರೂ ಇದೆ; ಹಾಗಾದರೆ ರಾಮೇಶ್ವರಕ್ಕೇಕೆ ಹೋಗಬೇಕು? ಪ್ರಶ್ನೆಯು ಜಾಣತನದ್ದು. ಉತ್ತರಕ್ಕಾಗಿ ಆ ಜಲಾಶಯವನ್ನೇ ಗಮನವಿಟ್ಟು ನೋಡಬೇಕು.

ವೇದಾವತಿ ನದಿಯು ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ನುಸುಳುವ ಸ್ಥಳದಲ್ಲಿ ಈ ಅಣೆಕಟ್ಟನ್ನು ಕಟ್ಟಿದ್ದಾರೆ. ಮೈಸೂರು ಸಂಸ್ಥಾನದ ಆಳ್ವಿಕೆಯಲ್ಲಿ 1898ರಲ್ಲಿ ಕೆಲಸವು ಆರಂಭವಾಗಿ 1907ರಲ್ಲಿ ಮುಗಿಯಿತು. ಕೆಲಸವು ಆರಂಭವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕೆ ಬಂದಿತು. ಜಲಾಶಯದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಬಳಿಕ ಎಂಬತ್ತೊಂಬತ್ತು ವರ್ಷಗಳ ಕಾಲ ಅದು ತುಂಬಲಿಲ್ಲ. 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜನರು ಊರೂರಿನಿಂದ ನೋಡಲು ಬಂದರು; 2025ರ ಜನವರಿಯಲ್ಲಿ ಮೂರನೆಯ ಬಾರಿ ಬಿದ್ದಿತು. ಎಂದರೆ ಈ ನೀರಿನ ದಡವು ಒಂದೇ ಕಡೆ ನಿಲ್ಲುವಂಥದಲ್ಲ. ಒಂದು ವರ್ಷ ಹೊಲವಾಗಿದ್ದ ನೆಲ ಮತ್ತೊಂದು ವರ್ಷ ನೀರಿನಡಿಯಲ್ಲಿರುತ್ತದೆ. ಮುಳುಗಿದ ಗಿಡಮರ, ಬೇಲಿಯ ಕಲ್ಲು, ಮೀನುಗಾರರ ಬಲೆ ಇವು ಮೇಲಿನಿಂದ ಕಾಣಿಸುವುದಿಲ್ಲ.

ಗಾಳಿಯ ವಿಷಯ ಇನ್ನೂ ಗಂಭೀರವಾದದ್ದು. ಜಲಾಶಯದ ಹಿನ್ನೀರು ನೈಋತ್ಯದ ಕಡೆಗೆ, ಹೊಸದುರ್ಗ ತಾಲ್ಲೂಕಿನವರೆಗೆ, ಚಾಚಿಕೊಂಡಿದೆ. ಅಣೆಕಟ್ಟು ಇರುವುದು ಅದರ ಇನ್ನೊಂದು ತುದಿಯಲ್ಲಿ. ಆಷಾಢದ ಗಾಳಿಯು ಬೀಸುವುದು ಪಶ್ಚಿಮ ನೈಋತ್ಯಗಳಿಂದಲೇ. ಹಿನ್ನೀರಿನಲ್ಲಿ ಪಟವೇರಿಸಿ ಹೊರಟವನನ್ನು ಆ ಗಾಳಿಯು ಒಯ್ಯುವುದು ಅಣೆಕಟ್ಟಿನ ಕಡೆಗೆ, ಆಳವಾದ ನೀರಿನ ಕಡೆಗೆ, ಕಲ್ಲಿನ ಗೋಡೆಯ ಕಡೆಗೆ. ಸಾಲದುದಕ್ಕೆ ಸುತ್ತಲೂ ಗುಡ್ಡಗಳು. ಗುಡ್ಡವನ್ನು ದಾಟಿದ ಗಾಳಿಯು ಕಲ್ಲನ್ನು ಹಾಯ್ದ ಹೊಳೆಯ ನೀರಿನಂತೆ ಸುಳಿಸುಳಿಯಾಗುತ್ತದೆ. ಒಂದೆಡೆ ಬೀಸೇ ಇಲ್ಲ, ಹತ್ತು ಮಾರು ಆಚೆಗೆ ಇಮ್ಮಡಿ ಬೀಸು. ಕಣಿವೆಯ ಬಾಯಲ್ಲಿ ಇಕ್ಕಟ್ಟಿಗೆ ಸಿಕ್ಕ ಗಾಳಿಯು ಮತ್ತಷ್ಟು ವೇಗಗೊಳ್ಳುತ್ತದೆ. ಬೆಟ್ಟದ ನೆತ್ತಿಯಲ್ಲಿ ಗಾಳಿಯಂತ್ರಕ್ಕೆ ವರವಾದ ಗುಡ್ಡವೇ ಅದರ ಮರೆಯಲ್ಲಿ ಪಟವನ್ನೇರಿಸುವವನಿಗೆ ಶಾಪವಾಗುತ್ತದೆ. ರಾಮೇಶ್ವರದ ಬಯಲು ಕಡಲಿನಲ್ಲಿ ಅಡ್ಡಬರುವ ಬೆಟ್ಟವಿಲ್ಲ. ಗಾಳಿ ಮತ್ತು ನೀರು ಎರಡೂ ಇದ್ದ ಮಾತ್ರಕ್ಕೆ ಸ್ಥಳವು ತಕ್ಕದ್ದಾಗುವುದಿಲ್ಲ. ಅವೆರಡರ ನಂಟು ಹೇಗಿದೆಯೆಂಬುದು ಮುಖ್ಯ.

ಈ ಸೀಮೆಯ ಮಕ್ಕಳು ಆಷಾಢದಲ್ಲಿ ಹಾರಿಸುವುದು ಕಾಗದದ ಪಟವನ್ನು. ಅದು ಯಾರನ್ನೂ ಎತ್ತಿ ಒಯ್ಯದು. ಆದರೂ ಪ್ರತಿ ವರ್ಷ ಗಾಳಿಪಟದ ದಿನಗಳಲ್ಲಿ ಗಾಯ ಸಾವುಗಳ ಸುದ್ದಿ ದೇಶದ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ಕಣ್ಣು ಆಕಾಶದಲ್ಲಿ, ಕಾಲು ಮಾಳಿಗೆಯ ಅಂಚಿನಲ್ಲಿ. ಹಿಂದಕ್ಕೆ ಒಂದೊಂದೇ ಹೆಜ್ಜೆ ಇಡುತ್ತಿರುವ ಹುಡುಗನಿಗೆ ಮಾಳಿಗೆ ಮುಗಿದದ್ದು ತಿಳಿಯುವುದಿಲ್ಲ. ಹರಿದ ಪಟದ ಬೆನ್ನುಹತ್ತಿ ಓಡುವವನಿಗೆ ರಸ್ತೆಯಾಗಲಿ ಹಾಳುಬಾವಿಯಾಗಲಿ ಕಾಣುವುದಿಲ್ಲ. ಗಾಜಿನ ಪುಡಿಯನ್ನು ಸವರಿದ ಮಾಂಜಾ ದಾರವೂ ನೈಲಾನ್ ದಾರವೂ ದ್ವಿಚಕ್ರ ವಾಹನದವರ ಕೊರಳನ್ನು, ಹಕ್ಕಿಗಳ ರೆಕ್ಕೆಗಳನ್ನು ಕೊಯ್ದಿವೆ. ಕೃತಕ ನೂಲಿನ ಇಂಥ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ರ ಜುಲೈಯಲ್ಲಿ ದೇಶದಾದ್ಯಂತ ನಿಷೇಧಿಸಿತು. ಹತ್ತಿಯ ನೂಲು ಸಾಲದೆಂಬುವರು ಪಟವನ್ನು ಹಾರಿಸಲು ಬಂದವರಲ್ಲ, ಕಾದಾಡಲು ಬಂದವರು.

ನೀರಿನ ಮಾತೂ ಹಾಗೆಯೇ. ಕೈಟ್‌ಸರ್ಫಿಂಗ್ ಈ ಜಿಲ್ಲೆಗೆ ದೂರದ್ದು. ಕೃಷಿಹೊಂಡವು ಪಕ್ಕದ ಹೊಲದಲ್ಲಿಯೇ ಇದೆ. ಬಯಲುಸೀಮೆಯ ಬೆಳೆಗೆ ಆಸರೆಯಾದ ಈ ಹೊಂಡಗಳ ಒಳಮೈಗೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿರುತ್ತಾರೆ. ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಇಳಿದವನು ಈಜು ಬಲ್ಲವನಾದರೂ ಹತ್ತಿಬರುವುದು ದುಸ್ತರ. ಕೈಗೆ ಸಿಕ್ಕುವ ಕಲ್ಲಿಲ್ಲ, ಬೇರಿಲ್ಲ. ಹೊಂಡದ ಸುತ್ತ ಬೇಲಿ, ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ ಗಂಟುಗಂಟಿನ ಹಗ್ಗ, ಇವೆರಡಕ್ಕೆ ತಗಲುವ ವೆಚ್ಚ ಬಹಳವಲ್ಲ. ಮುಳುಗುತ್ತಿರುವವನನ್ನು ಕಂಡು ಒಬ್ಬರ ಹಿಂದೆ ಒಬ್ಬರು ನೀರಿಗೆ ಧುಮುಕಿ, ಒಂದೇ ಮನೆಯ ಎರಡು ಮೂರು ಜೀವಗಳು ಹೋಗುವ ದುರಂತಗಳು ನಡೆಯುತ್ತವೆ. ಮುಳುಗುವವನ ಕೈಯೂ ಹೆದರಿದ ಕೈಯೇ, ಸಿಕ್ಕಿದ್ದನ್ನು ಬಿಡದು. ದಡದಲ್ಲಿ ಮಲಗಿಕೊಂಡು ಉದ್ದನೆಯ ಕೋಲನ್ನೋ ಸೀರೆಯನ್ನೋ ಹಗ್ಗವನ್ನೋ ಚಾಚುವುದು, ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯುವುದು, ದೊಡ್ಡವರನ್ನು ಕೂಗಿ ಕರೆಯುವುದು, ಇವು ಧುಮುಕುವುದಕ್ಕಿಂತ ಎಷ್ಟೋ ಪಾಲು ಮೇಲು.

ಇನ್ನು ವಿದ್ಯುತ್ ತಂತಿ. ಸಿಕ್ಕಿಕೊಂಡ ಪಟವನ್ನು ಬಿಡಿಸಲು ಒದ್ದೆಯ ದಾರವನ್ನು ಜಗ್ಗುವುದು, ಕಬ್ಬಿಣದ ಸರಳನ್ನು ಎತ್ತುವುದು, ಕಂಬವನ್ನೇರುವುದು, ಈ ಮೂರೂ ಸಾವಿಗೆ ನೇರವಾದ ದಾರಿಗಳು. ದಾರವನ್ನು ಅಲ್ಲಿಯೇ ಕೈಬಿಟ್ಟು ಹಿಂದಕ್ಕೆ ಸರಿಯಬೇಕು. ಆಷಾಢವು ಕಳೆದ ಮೇಲೆ ಈ ಊರುಗಳ ಬೀದಿಗಳಲ್ಲಿ ತಲೆಯೆತ್ತಿ ನೋಡಿದರೆ ತಂತಿಗಳಿಗೆ ಜೋತುಬಿದ್ದ ಪಟಗಳು ಕಾಣುತ್ತವೆ. ಬಣ್ಣದ ಕಾಗದವು ಶ್ರಾವಣದ ತುಂತುರಿಗೆ ನೆನೆದು ಹರಿದುಹೋಗುತ್ತದೆ. ಎರಡು ಬಿದಿರುಕಡ್ಡಿಗಳೂ ಬಾಲಂಗೋಚಿಯೂ ದೀಪಾವಳಿಯವರೆಗೂ ಅಲ್ಲಿಯೇ ತೂಗಾಡುತ್ತಿರುತ್ತವೆ.